ದಾಕ್ಷಿಣ್ಯದ ಹೂಡಿಕೆ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದುಡ್ಡನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸುವುದು ಬಡ್ಡಿದರವಲ್ಲ, ಕೇಳಲು ಬಂದವರು ಯಾರು ಎನ್ನುವುದು. ಗುರುತಿಲ್ಲದವನು ನೂರಕ್ಕೆ ಹನ್ನೆರಡು ಕೊಡುತ್ತೇನೆಂದರೆ ಬಾಗಿಲಲ್ಲೇ ಸಾಗಹಾಕುತ್ತೇವೆ. ಷಡ್ಡಕನ ತಮ್ಮ ಐದು ಕೊಡಿಸುತ್ತೇನೆಂದರೆ ಒಳಗೆ ಕರೆದು, ಕಾಫಿ ಕೊಟ್ಟು, ಸಹಿ ಎಲ್ಲೆಲ್ಲಿ ಹಾಕಬೇಕೆಂದು ಕೇಳುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ಯಾವುದೋ ನೆಂಟರ ಪಾಲಿಸಿಗೆ ಕಂತು ಕಟ್ಟುತ್ತಿದ್ದಿರಬೇಕು.

1993ರಲ್ಲಿ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಬಿಟ್ಟಾಗ ಚಿಕ್ಕಪ್ಪ ಬೆಂಗಳೂರಿನಲ್ಲೇ ಇದ್ದರು. ಜನ ಮುಗಿಬಿದ್ದಿರಲಿಲ್ಲ, ಅರ್ಜಿ ಹಾಕಿದ್ದರೆ ಸಿಗುತ್ತಿತ್ತು. ಆದರೆ ಹಿಂದಿನ ವರ್ಷವಷ್ಟೇ ಹರ್ಷದ್ ಮೆಹ್ತಾ ಹಗರಣದಲ್ಲಿ ಷೇರುಪೇಟೆ ಮಗುಚಿಕೊಂಡಿತ್ತು. ಅಲ್ಲದೆ ಇನ್ಫೋಸಿಸ್‌ನವರು ಯಾರೂ ಮನೆಗೆ ಬಂದು ಕೇಳಲಿಲ್ಲ. ಕೇಳಿದ್ದು ಪಕ್ಕದ ಮೇಜಿನ ಸಹೋದ್ಯೋಗಿ. ತೇಗದ ತೋಟದ ಕಂಪನಿಗಳು ಎಲ್ಲೆಂದರಲ್ಲಿ ಹುಟ್ಟಿಕೊಂಡಿದ್ದ ಕಾಲ ಅದು. ಈಗ ಗಿಡ ನೆಟ್ಟರೆ ಇಪ್ಪತ್ತು ವರ್ಷಕ್ಕೆ ಮಗಳ ಮದುವೆ ಸಲೀಸು ಎಂದರಂತೆ. ಚಿಕ್ಕಪ್ಪನಿಗೆ ಬಂದ ಸರ್ಟಿಫಿಕೇಟಿನ ಮೇಲೆ ಒಂದು ಮರದ ಚಿತ್ರವಿತ್ತು. ಅವರ ಪಾಲಿಗೆ ದಕ್ಕಿದ ಮರ ಅದೊಂದೇ. ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಸಹೋದ್ಯೋಗಿಗೆ ವರ್ಗವೂ ಆಗಿತ್ತು.

ಇದರ ಮುಂದೆ ಮಹಡಿ ಮನೆ ಆಂಟಿಯ ಚೀಟಿ ಪಕ್ಕಾ ವ್ಯವಹಾರ. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಟ್ಟು ಲಕ್ಷ. ತುರ್ತಿದ್ದವರು 25,000 ಬಿಟ್ಟು ಕೂಗಿ 75,000ಕ್ಕೆ ಎತ್ತುತ್ತಾರೆ. ಬಿಟ್ಟದ್ದರಲ್ಲಿ ಆಂಟಿಯ ಕಮಿಷನ್ 5,000 ಹೋಗಿ, ಉಳಿದದ್ದು ತಲೆಗೆ ಸಾವಿರ. ಆ ತಿಂಗಳು ನಾವು ಕಟ್ಟುವುದು 4,000. ಒಬ್ಬರ ಆಸ್ಪತ್ರೆ ಖರ್ಚು ಏರಿದಷ್ಟೂ ಮಿಕ್ಕವರಿಗೆ ಲಾಭ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಪಾಪ" ಎನ್ನುತ್ತಾ ನೋಟು ಎಣಿಸುತ್ತಾರೆ. 1982ರ ಕಾಯಿದೆ ಪ್ರಕಾರ ಚೀಟಿ ನಡೆಸಲು ನೋಂದಣಿಯಾಗಬೇಕು. ಕೇಳೋಣವೆಂದರೆ ಯುಗಾದಿಗೆ ಆಂಟಿ ಮನೆಯಿಂದ ಹೋಳಿಗೆ ಬರುತ್ತದೆ.

ಇವರೆಲ್ಲರನ್ನೂ ಮೀರಿಸಿದವರು ವಿಮಾ ಏಜೆಂಟರಾದ ನನ್ನ ಸೋದರಮಾವ. ಆಫೀಸಿನಲ್ಲಿ ಉಳಿತಾಯದ ದಾಖಲೆ ಕೇಳುವ ಹೊತ್ತಿಗೆ ಸರಿಯಾಗಿ, ಅಂದರೆ ಜನವರಿ ಕೊನೆಗೆ, ಅವರ ಸ್ಕೂಟರು ಗೇಟಿನಲ್ಲಿ ನಿಲ್ಲುತ್ತದೆ. ಮೊದಲು ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ ನೋಡುತ್ತಾರೆ. ಆಮೇಲೆ ಕೈಗೆ ಸಿಕ್ಕಿದ ಲಗ್ನಪತ್ರಿಕೆ ಮಗುಚಿ, ಅದರ ಬೆನ್ನಿಗೆ ಇಪ್ಪತ್ತು ವರ್ಷದ ಬೋನಸ್ಸನ್ನು ಕೂಡಿ, ಕೊನೆಯ ಮೊತ್ತದ ಕೆಳಗೆ ಎರಡೆರಡು ಗೆರೆ ಎಳೆಯುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ಆ ಮೊತ್ತಕ್ಕೆ ಎಷ್ಟು ಕೆಜಿ ತೊಗರಿಬೇಳೆ ಬರುತ್ತದೆ ಎಂಬ ಲೆಕ್ಕಕ್ಕೆ ಮಾತ್ರ ಲಗ್ನಪತ್ರಿಕೆಯಲ್ಲಿ ಜಾಗ ಉಳಿದಿರುವುದಿಲ್ಲ.

ಒಮ್ಮೆ ನಾನೇ ಟರ್ಮ್ ಇನ್ಶೂರೆನ್ಸಿನ ಮಾತೆತ್ತಿದೆ. ಕಡಿಮೆ ಕಂತು, ದೊಡ್ಡ ಮೊತ್ತ, ಅವಧಿ ಮುಗಿದ ಮೇಲೂ ಬದುಕಿದ್ದರೆ ಏನೂ ಇಲ್ಲ.

"ಬದುಕಿದ್ರೆ ಒಂದ್ರೂಪಾಯೂ ಇಲ್ವಾ?" ಅಮ್ಮ ಅಡುಗೆಮನೆಯಿಂದಲೇ ಕೇಳಿದಳು.

"ಇಲ್ಲ. ಹೋದ್ರೆ ಕೋಟಿ."

"ಬಿಡ್ತು ಅನ್ನು! ಲೋ, ಇವನಿಗೆ ನಿಂದೇ ಮಾಡ್ಸೋ."

ಮಾವ ಪೆನ್ನಿನ ಮುಚ್ಚಳ ತೆಗೆದರು.

ಪಿಪಿಎಫ್ ವಿಷಯದಲ್ಲಿ ಇಂಥ ನಾಟಕವೇ ಇಲ್ಲ. 1968ರಿಂದ ಇರುವ ಯೋಜನೆ, ಹದಿನೈದು ವರ್ಷದ ಅವಧಿ, ಬಡ್ಡಿಗೆ ತೆರಿಗೆಯಿಲ್ಲ. ಆದರೆ ಅದರ ಪರವಾಗಿ ನಮ್ಮ ಮನೆಗೆ ಯಾರೂ ಬಂದಿಲ್ಲ, ಮೊಮ್ಮಗುವಿನ ತಲೆ ಸವರಿಲ್ಲ, ಉಪ್ಪಿಟ್ಟು ಚೆನ್ನಾಗಿದೆ ಎಂದಿಲ್ಲ. ಇಂಡೆಕ್ಸ್ ಫಂಡಿನ ಕಥೆಯೂ ಅಷ್ಟೆ. ಸವಕಲು ಕಮಿಷನ್ನಿಗೆ ಯಾರು ತಾನೇ ಪೆಟ್ರೋಲು ಸುಡುತ್ತಾರೆ? ಯಾರೂ ಬಂದು ಒತ್ತಾಯಿಸದ ಯೋಜನೆಯನ್ನೇ ಹುಡುಕಿ ಹಾಕುವುದು ಒಳ್ಳೆಯದೆಂದು ನನಗೆ ಅನ್ನಿಸಿದೆ. ಅದನ್ನು ಮಾವನ ಎದುರು ಹೇಳುವುದು ಹೇಗೆಂದು ಮಾತ್ರ ಹೊಳೆದಿರಲಿಲ್ಲ.

ದಾರಿ ತೋರಿಸಿದ್ದು ಸರ್ಕಾರ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿಯ ಒಂದೂವರೆ ಲಕ್ಷದ ವಿನಾಯಿತಿಯೇ ಇಲ್ಲ. ಮೊನ್ನೆ ಮಾವ ಬಂದಾಗ ಮುಖ ಸಣ್ಣದು ಮಾಡಿಕೊಂಡು ಹೇಳಿದೆ: "ಹೊಸದಕ್ಕೆ ಹೋಗ್ಬಿಟ್ಟೆ ಮಾವ. ಇನ್ನು ಪಾಲಿಸಿ ಮಾಡಿಸಿದ್ರೂ ತೆರಿಗೆ ಉಳಿಯಲ್ಲ."

ಮಾವ ಕಾಫಿ ಲೋಟ ಕೆಳಗಿಟ್ಟರು. "ಒಳ್ಳೇದೇ ಆಯ್ತು ಬಿಡು. ಉಳಿಸ್ಬೇಕು ಅನ್ನೋ ಗಡಿಬಿಡಿ ಇಲ್ಲ. ನಿಧಾನವಾಗಿ ಕೂತು ಮಗಳ ಹೆಸರಲ್ಲಿ ಒಂದು ಮಾಡಿಸೋಣ. ಅವಳ ಜಾತಕ ಎಲ್ಲಿಟ್ಟಿದೀಯ?"