ಸ್ಯಾಂಪಲ್ ಇದೆಯಾ ಸಾರ್?

"ಗಾಡಿ ಎಣ್ಣೆ ಹೊಡೀತಿದೆ ಸಾರ್" ಎಂದರು ಮೇಸ್ತ್ರಿ.

"ಯಾರ್ರೀ ಅದು ಹೊಡೀತಿರೋದು?" ಎಂಬ ಪ್ರಶ್ನೆ ಅಡುಗೆಮನೆಯ ಕಿಟಕಿಯಿಂದ ತಕ್ಷಣ ಬಂತು. ನಾನಲ್ಲ, ಪದ್ಮಿನಿ ಎಂದೆ. ಬೇರೆ ಮನೆಯಲ್ಲಾಗಿದ್ದರೆ ಈ ಉತ್ತರಕ್ಕೆ ರಾತ್ರಿಯ ಊಟ ತಪ್ಪುತ್ತಿತ್ತು. ಪುಣ್ಯಕ್ಕೆ ನಮ್ಮಲ್ಲಿ ಪದ್ಮಿನಿ ಎಂದರೆ ಅಪ್ಪ ಕೊಂಡ 1984ರ ಫಿಯೆಟ್ ಕಾರು ಎಂದು ಎಲ್ಲರಿಗೂ ಗೊತ್ತು.

ಅವಳ ಚಟ ಬೀದಿಗೂ ಗೊತ್ತಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಟಿ. ದಾಸರಹಳ್ಳಿಯ ನಮ್ಮ ಅಡ್ಡರಸ್ತೆಗೆಲ್ಲ ನೀಲಿ ಹೊಗೆ. ಕಾರ್ಪೊರೇಷನ್‌ನವರ ಸೊಳ್ಳೆ ಹೊಗೆ ಬಂತೆಂದು ಮಕ್ಕಳು ಹಿಂದೆ ಓಡಿಬರುತ್ತಿದ್ದವು. ಎದುರುಮನೆಯ ಅಜ್ಜಿ ಮಹಡಿಯ ಮೇಲಿನ ಹಪ್ಪಳ ಮುಚ್ಚಲು ಓಡುತ್ತಿದ್ದರು. ಪಿಸ್ಟನ್ನಿನ ರಿಂಗು ಸವೆದಿದೆ, ಸಿಲಿಂಡರ್ ಅಗಲವಾಗಿದೆ, ಸಂದಿಯಲ್ಲಿ ಆಯಿಲ್ ಮೇಲೆ ಹತ್ತಿ ಉರಿಯುತ್ತಿದೆ, ಎಂಜಿನ್ ಇಳಿಸಲೇಬೇಕು ಎಂದು ಮೇಸ್ತ್ರಿ ತೀರ್ಪು ಕೊಟ್ಟರು. ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಪಟ್ಟಿಯೂ ಸಿದ್ಧವಾಯಿತು: ಪಿಷ್ಟನ್ನು 4, ರಿಂಗು ಸೆಟ್ಟು, ಬೇರಂಗು, ಗ್ಯಾಸ್ ಕಿಟ್ಟು. ಕೊನೆಯದನ್ನು ಓದಿ, ನನ್ನ ಕಾರನ್ನು ಆಟೋದ ಹಾಗೆ ಗ್ಯಾಸಿಗೆ ಹಾಕುತ್ತಾರೇನೋ ಎಂದು ಹೆದರಿದೆ. ಅದು ಗ್ಯಾಸ್ಕೆಟ್.

ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ತಂದರಾಯಿತು ಎಂದುಕೊಂಡಿದ್ದೆ. ಮೇಸ್ತ್ರಿ ನಕ್ಕರು. ಈ ಎಂಜಿನ್ನಿನ ಸಿಲಿಂಡರಿನ ಅಗಲ 68 ಮಿಲಿಮೀಟರ್. ಸವೆದ ಮೇಲೆ ಅದನ್ನು ಕೊರೆದು ಇನ್ನಷ್ಟು ಅಗಲ ಮಾಡಿ ದಪ್ಪ ಪಿಸ್ಟನ್ ಕೂರಿಸುತ್ತಾರೆ. ಎಷ್ಟು ದಪ್ಪದ್ದು ಎಂಬುದು ಸಿಕ್ಕಿದ್ದರ ಮೇಲೆ. ಟೋಪಿ ಮೊದಲು ಕೊಂಡು, ಅದರ ಅಳತೆಗೆ ತಲೆ ಕೆತ್ತಿಸಿಕೊಂಡ ಹಾಗೆ. ಟೋಪಿ ಹಾಕಿಸಿಕೊಳ್ಳದೆ ಟೋಪಿ ತರುವುದು ನನ್ನ ಕೆಲಸ.

ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಕೆ.ಆರ್. ಮಾರುಕಟ್ಟೆಯಲ್ಲಿಳಿದು, ಜೆ.ಸಿ. ರಸ್ತೆಗೆ ನಡೆದೆ. ಪದ್ಮಿನಿ ಎಂದೊಡನೆ ಅಂಗಡಿಯವರ ಮುಖದಲ್ಲಿ ಹಳೆಯ ಸಹಪಾಠಿಯ ಹೆಸರು ಕೇಳಿದ ಕಳೆ. "ಇನ್ನೂ ಇಟ್ಕೊಂಡಿದೀರಾ?" ಎಂದು ಒಬ್ಬರು, "ಕೊಡೋದಿದ್ರೆ ಹೇಳಿ" ಎಂದು ಇನ್ನೊಬ್ಬರು. ಆದರೆ ಎಲ್ಲರ ಎರಡನೆಯ ಮಾತು ಒಂದೇ: "ಸ್ಯಾಂಪಲ್ ಇದೆಯಾ ಸಾರ್?"

ನಂಬರ್ ಹೇಳಿದರೆ ನಂಬುವುದಿಲ್ಲ, ಫೋಟೋ ತೋರಿಸಿದರೆ ನೋಡುವುದಿಲ್ಲ. ಸವೆದದ್ದೋ ಮುರಿದದ್ದೋ, ವಸ್ತು ಕೈಗೆ ಬರಬೇಕು. ಹೆಣ್ಣು ನೋಡಲು ಹೋಗುವಾಗ ಅಜ್ಜಿಯನ್ನೂ ಕರೆದೊಯ್ಯುವಂತೆ ನಾನು ಮರುದಿನದಿಂದ ಹಳೆಯ ಪಿಸ್ಟನ್ ಜೊತೆಗೇ ತಿರುಗಿದೆ. "ಬಾಂಬೆ ಟ್ಯಾಕ್ಸಿ ಓಡೋವರ್ಗೂ ಮಾಲಿಗೆ ಬರ ಇರ್ಲಿಲ್ಲ ಸಾರ್" ಎಂದರು ಮಾಳಿಗೆಯಿಂದ ಧೂಳು ಹಿಡಿದ ಡಬ್ಬಿ ಇಳಿಸಿದ ಹಿರಿಯರೊಬ್ಬರು. ಆ ಕಪ್ಪು-ಹಳದಿ ಪದ್ಮಿನಿಗಳ ಕೊನೆಯದು 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಇಳಿಯಿತು. ಅಲ್ಲಿ ಟ್ಯಾಕ್ಸಿ ನಿಂತರೆ ಇಲ್ಲಿ ನನ್ನ ರಿಂಗಿಗೆ ಸೂತಕ.

ಡಬ್ಬಿಯಲ್ಲಿ ನಾಲ್ಕೂ ಪಿಸ್ಟನ್ ಇದ್ದವು. ವಾಪಸು ಬರುವಾಗ ಮೆಟ್ರೋ ತಪಾಸಣೆಯಲ್ಲಿ ಚೀಲ ತೆಗೆಸಿದರು. "ಲೋಟಾನಾ?" ಎಂದರು ತಪಾಸಣೆಯ ಮಹಿಳೆ. ಹೌದೆನ್ನೋಣ ಎನಿಸಿತು. ಅಷ್ಟರಲ್ಲಿ ಮತ್ತೆ ಕೇಳಿದರು: "ಲೋಟಕ್ಕೆ ಪಕ್ಕದಲ್ಲಿ ತೂತ್ ಯಾಕೆ?" ಪಿನ್ ತೂರಲು ಎಂದು ವಿವರಿಸುವ ಹೊತ್ತಿಗೆ ಎರಡು ರೈಲು ಹೋದವು.

ಗ್ಯಾಸ್ಕೆಟ್ ಕೊರಿಯರಿನಲ್ಲಿ ಬಂತು, ಆದರೆ ಹೆಬ್ಬಾಳದ ಕಡೆಯ ದಾಸರಹಳ್ಳಿಗೆ. ಊರ ಹೆಸರಿನ ಹಿಂದಿನ 'ಟಿ' ಎಷ್ಟು ತೂಕದ ಅಕ್ಷರವೆಂದು ಆ ದಿನ ಅರಿವಾಯಿತು.

ಕೊನೆಗೆ ಉಳಿದದ್ದು ಬೆರಳುಗಾತ್ರದ ಒಂದು ಬುಷ್. ಡಿಸ್ಟ್ರಿಬ್ಯೂಟರಿನ ಶಾಫ್ಟು ಅದರೊಳಗೆ ತಿರುಗುತ್ತದೆ. ಅದು ಸವೆದರೆ ಶಾಫ್ಟು ಓಲಾಡಿ ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಒಂದು ಸಿಕ್ಕಿತು, ನನ್ನದಕ್ಕಿಂತ ಹೆಚ್ಚು ಸವೆದದ್ದು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇರುವಾಗ ಚಿಂತೆಯೇಕೆ ಎಂದು ಷೆಡ್ಡಿನಿಂದ ಷೆಡ್ಡಿಗೆ ಅಲೆದೆ. "ಎಷ್ಟು ಪೀಸು?" ಒಂದು. "ಒಂದು ಸಾವಿರವಾ?" ಅಲ್ಲ, ಬರೀ ಒಂದು. ಕಂಪ್ಯೂಟರ್ ಯಂತ್ರದ ಹುಡುಗ ನನ್ನನ್ನು ಪಾಪ ಎನ್ನುವಂತೆ ನೋಡಿದ.

ಒಂದೇ ಪೀಸು ಮಾಡಲು ಒಪ್ಪಿದವರು ಹಳೆಯ ಎಚ್‌ಎಂಟಿ ಲೇತಿನ ಯಜಮಾನರು. ನಮ್ಮ ನೆರೆಯ ಜಾಲಹಳ್ಳಿಯ ಎಚ್‌ಎಂಟಿ ಎಂದರೆ ಜನರಿಗೆ ಕೈಗಡಿಯಾರ. ಆದರೆ 1953ರಲ್ಲಿ ಅದು ಹುಟ್ಟಿದ್ದೇ ಇಂಥ ಯಂತ್ರ ಮಾಡಲು. ಅವರು ಸ್ಯಾಂಪಲ್ ಅಳೆದು, ಗನ್‌ಮೆಟಲ್ ತುಂಡನ್ನು ಲೇತಿಗೆ ಕಚ್ಚಿಸಿದರು. "ಒಂದು ಥೌ ಆಟ ಬಿಡ್ಬೇಕು ಸಾರ್. ಬಿಗಿಯಾದ್ರೆ ಹಿಡ್ಕೊಳುತ್ತೆ, ಸಡಿಲಾದ್ರೆ ಕುಣಿಯುತ್ತೆ." ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮಕ್ಕಳನ್ನು ಬೆಳೆಸುವಾಗ ಈ ಅಳತೆ ಯಾರೂ ಹೇಳಿರಲಿಲ್ಲ.

ಲೇತಿನ ಸುರುಳಿ ಉದುರುವುದನ್ನು ನೋಡುತ್ತ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾದರು. 1930ರ ದಶಕದಲ್ಲಿ ಬೆಂಗಳೂರಿಗೆ ಕಾರು ಕಾರ್ಖಾನೆ ತರಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ತೆರೆದರು. ಕಾರಿನದು, ಅಂದರೆ ಮುಂದೆ ಪದ್ಮಿನಿಯನ್ನು ಹೆತ್ತ ಪ್ರೀಮಿಯರ್ ಕಂಪನಿ, 1944ರಲ್ಲಿ ಮುಂಬೈ ಪಾಲಾಯಿತು. ಇಲ್ಲಿ ಹುಟ್ಟಬೇಕಿದ್ದವಳು ಅಲ್ಲಿ ಹುಟ್ಟಿದಳು. ಬಾಣಂತನ ತಪ್ಪಿದ್ದಕ್ಕೆ ತವರು ಈಗ ಬುಷ್ ಮಾಡಿಕೊಡುತ್ತಿದೆ.

ಪದ್ಮಿನಿ ಎಣ್ಣೆ ಬಿಟ್ಟಳು. ಮೇಸ್ತ್ರಿ ಹಳೆಯ ಸಾಮಾನನ್ನು ಅಕ್ಕಿಚೀಲಕ್ಕೆ ತುಂಬಿ, "ಬಿಸಾಕ್ಬೇಡಿ ಸಾರ್" ಎಂದು ಕೊಟ್ಟರು. ಚೀಲ ಮಂಚದ ಕೆಳಗೆ ಹೋಯಿತು.

ಎರಡು ತಿಂಗಳಾದ ಮೇಲೆ ನಾಗಸಂದ್ರದ ಕಡೆಯಿಂದ ಒಬ್ಬ ಹುಡುಗ ಬಂದ. ತಾತನ ಪದ್ಮಿನಿಯಂತೆ. "ಮೇಸ್ತ್ರಿ ಕಳಿಸಿದ್ರು ಅಂಕಲ್, ಡಿಸ್ಟ್ರಿಬ್ಯೂಟರ್ ಬುಷ್ ಬೇಕು."

ನನ್ನ ಬಾಯಿಂದ ತಾನಾಗಿ ಬಂತು: "ಸ್ಯಾಂಪಲ್ ಇದೆಯಾ?"

"ಅದನ್ನ ಕೇಳೋಕೇ ಬಂದಿದ್ದು ಅಂಕಲ್. ನಮ್ದು ಬಿಚ್ಚೋವಾಗ ಪುಡಿಯಾಯ್ತು."

ಮಂಚದ ಕೆಳಗೆ ತೂರಿ ಚೀಲ ಎಳೆದೆ. ಬುಷ್ ಕೊಡುವಾಗ ಲೈಬ್ರರಿಯವರ ದನಿಯಲ್ಲಿ ಹೇಳಿದೆ: "ಕೆಲ್ಸ ಆದ್ಮೇಲೆ ವಾಪಸ್ ತಂದ್ಕೊಡ್ಬೇಕು ಮತ್ತೆ."