ಗುಮ್ಮಟ ಮೂರಾದ ಪ್ರಸಂಗ

(ವಿಜಯಪುರ ನಗರದ ಒಂದು ಫ್ಲೆಕ್ಸ್ ಅಂಗಡಿ. ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿದೆ. ಕಂಪ್ಯೂಟರಿನ ಮುಂದೆ ಬಬಲೇಶ್ವರದ ಹುಡುಗ. ಎದುರಿಗೆ ಟಿಕೋಟಾದ ದ್ರಾಕ್ಷಿ ಸಾವಕಾರ.)

ಸಾವಕಾರ: ತಮ್ಮಾ, ನಮ್ಮ ಒಣದ್ರಾಕ್ಷಿ ಡಿಸೈನ್ ಆತೇನು?

ಹುಡುಗ: ಆಗೇತ್ರಿ ಕಾಕಾ. ಎಐಗೆ ಹೇಳಿದ್ನಿ, ಚಾ ಆರೂದ್ರಾಗ ಮಾಡಿಕೊಟ್ತು.

ಸಾವಕಾರ: ಗೋಳಗುಮ್ಮಟಕ್ಕ ಮೂರು ಗುಮ್ಮಟ ಯಾಕೋ? ಮೊಹಮ್ಮದ್ ಆದಿಲ್‌ಶಾ 1656ರಾಗ ಸಾಯೂತನಕ ಕಟ್ಟಿಸಿದ್ದು ಒಂದ!

ಹುಡುಗ: ಎರಡು ಫ್ರೀ ಬಂದಾವ್ರಿ.

ಸಾವಕಾರ: ದ್ರಾಕ್ಷಿ ಮ್ಯಾಲ ಬೆಳ್ಳಗ ಏನದು, ಸುಣ್ಣ?

ಹುಡುಗ: ಹಿಮಾರೀ. ಈಗ ಇದ ಟ್ರೆಂಡ್.

ಸಾವಕಾರ: ಟಿಕೋಟಾದಾಗ ಹಿಮ! ಹೊತ್ತಲ್ಲದ ಹೊತ್ತಿನಾಗ ನಾಕು ಹನಿ ಬಿದ್ರ ಶೆಡ್ಡಿನಾಗಿನ ಮಾಲೆಲ್ಲ ಕಪ್ಪಾಗತೈತಿ. ಈ ಅಕ್ಷರ ಯಾವ ಭಾಷೀದು?

ಹುಡುಗ: ಕನ್ನಡಾನ ರೀ. ಎಐ ಕನ್ನಡ.

ಸಾವಕಾರ: ನುಡಿ ಸಾಫ್ಟ್‌ವೇರಿನಾಗ ಹೊಡಿ, ಮಾರಾಯ.

ಹುಡುಗ: ಹಳೇ ನುಡಿಯಾಗ ಹೊಡದದ್ದು ಇನ್‌ಸ್ಟಾಗ್ರಾಮಿಗೆ ಹಾಕಿದ್ರ ಇಂಗ್ಲಿಷ್ ಅಕ್ಷರಕ್ಕ ಕೊಂಬು ಮೂಡತಾವ್ರಿ.

(ಹುಡುಗನ ಕೈ ಕೆಟ್ಟದ್ದೇನಲ್ಲ. ಕೋರೆಲ್‌ಡ್ರಾನಲ್ಲಿ ಅವನು ತಿದ್ದಿ ತೀಡಿದ ‘ಕ್ಷಿ’ಯ ಬಳಕು ನೋಡಬೇಕು. ಕೇಳುವ ಗಿರಾಕಿ ಇಲ್ಲ.)

ಸಾವಕಾರ: ಅಲ್ಲೋ, 2016ರಾಗ ಸರ್ಕಾರ ಪ್ಲಾಸ್ಟಿಕ್ ಜೋಡಿ ಫ್ಲೆಕ್ಸೂ ಬಂದ್ ಮಾಡಿಲ್ಲೇನು?

ಹುಡುಗ: ಮಾಡೇತ್ರಿ. ಅದು ಮಂದಿಗೆ ತಿಳೀಲಿ ಅಂತ ಬ್ಯಾನರ್ ಹೊಡದಾಂವ ನಾನ. ಫ್ಲೆಕ್ಸಿನ ಮ್ಯಾಲ.

ಸಾವಕಾರ: ಆತು, ಒಂದ ಗುಮ್ಮಟ ಇಡು. ಉಳಿದ ಜಾಗಾದಾಗ ನನ್ನ ಫೋಟೋ.

ಹುಡುಗ: ಮತ್ತ ದ್ರಾಕ್ಷಿ?

ಸಾವಕಾರ: ಮೊದಲ ಬೀಗರ ಫೋಟೋ ಹಾಕು. ಜಾಗ ಉಳದ್ರ ನೋಡೂಣು.