ಹಳೆ ಸೊಸೈಟಿಯ ಫ್ಲ್ಯಾಟು: ಬಳಕೆದಾರರ ಕೈಪಿಡಿ

ಮುಂಬಯಿಯ ಹಳೆಯ ಸಹಕಾರಿ ಸೊಸೈಟಿಯೊಂದರಲ್ಲಿ ಫ್ಲ್ಯಾಟು ಕೊಳ್ಳಲು ಮನಸ್ಸು ಮಾಡಿದ್ದಕ್ಕೆ ಅಭಿನಂದನೆಗಳು. ಟೋಕನ್ ಹಣ ಕೊಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಈಗಾಗಲೇ ಕೊಟ್ಟಾಗಿದ್ದರೆ ನೇರವಾಗಿ ‘ದೋಷ ನಿವಾರಣೆ’ಗೆ ಹೋಗಿ.

ತಯಾರಕರ ಬಗ್ಗೆ

ಈ ಉತ್ಪನ್ನಕ್ಕೆ ನೂರು ವರ್ಷ ದಾಟಿದೆ. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಹೌಸಿಂಗ್ ಸೊಸೈಟಿ ಹುಟ್ಟಿತು. ಅದರ ಹಿಂದಿದ್ದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಕೆನರಾ ಕರಾವಳಿಯಿಂದ ನೌಕರಿ ಹುಡುಕಿ ಬಂದ ಚಿತ್ರಾಪುರ ಸಾರಸ್ವತರಿಗೆ ಒಂದು ಸೂರು ಬೇಕಿತ್ತು. ತಾಡದೇವ್‌ನ ತಲ್ಮಕಿವಾಡಿ ಇಂದಿಗೂ ಅವರ ಹೆಸರಿನಲ್ಲಿದೆ. ಹಾಗಾಗಿ ಬ್ರೋಕರ್ ‘ಇದೆಲ್ಲ ಬಾಂಬೆ ಸಿಸ್ಟಮ್, ನಿಮಗೆ ತಿಳಿಯೋದಿಲ್ಲ’ ಎಂದರೆ ಹೆದರಬೇಡಿ. ಈ ಸಿಸ್ಟಮ್ ಕಟ್ಟಿದವರಲ್ಲಿ ನಮ್ಮ ಕಡೆಯವರೂ ಇದ್ದಾರೆ.

ಪೆಟ್ಟಿಗೆಯೊಳಗೆ ಏನೇನಿದೆ

ನಾಲ್ಕು ಗೋಡೆ, ತುಕ್ಕು ಹಿಡಿದ ಗ್ರಿಲ್ಲು, ಹಿಂದಿನವರು ಕಳಚಲು ಮರೆತ ಗಣಪತಿ ಸ್ಟಿಕರ್. ಇವು ಬಿಡಿಭಾಗಗಳು. ಅಸಲು ವಸ್ತು ಷೇರ್ ಸರ್ಟಿಫಿಕೇಟ್. ಹಳೆಯ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ಐವತ್ತು ರೂಪಾಯಿಯ ಐದು ಷೇರು. ಕೋಟಿಗಟ್ಟಲೆ ಸುರಿದು ಕೊನೆಗೆ ಕೈಗೆ ಬರುವುದು 250 ರೂಪಾಯಿ ಮುಖಬೆಲೆಯ ಹಾಳೆ. ನಗು ಮುಗಿದ ಮೇಲೆ ಅದರ ಹಿಂಬದಿ ತಿರುಗಿಸಿ. ಯಾರಿಂದ ಯಾರಿಗೆ ಹೋಯಿತೆಂಬ ಜಾತಕ ಅಲ್ಲಿರುತ್ತದೆ. ಕೊನೆಯ ಹೆಸರು ಮಾರುವವರದೇ ಆಗಿರಬೇಕು. ‘ಅಪ್ಪ ತೀರಿಕೊಂಡರು, ನಾಮಿನಿ ನಾನೇ’ ಎಂದರೆ ಸಾಲದು. ನಾಮಿನಿಯಾದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ, ಉಳಿದ ವಾರಸುದಾರರ ಹಕ್ಕು ಹಾಗೆಯೇ ಇರುತ್ತದೆ. ಮದುವೆಯಾಗಿ ದೂರ ಹೋದ ತಂಗಿಯ ಸಹಿಯೂ ಬೇಕು.

ಪೆಟ್ಟಿಗೆಯಲ್ಲಿ ಇಲ್ಲದಿರಬಹುದಾದದ್ದು: ಲಿಫ್ಟು, ಪಾರ್ಕಿಂಗ್ ಮತ್ತು ಜಮೀನು. ಹೌದು, ಜಮೀನು. 1963ರ ಫ್ಲ್ಯಾಟ್ ಕಾಯ್ದೆಯ ಪ್ರಕಾರ ಬಿಲ್ಡರ್ ಅದನ್ನು ಸೊಸೈಟಿಗೆ ಬರೆದುಕೊಡಬೇಕು. ಅನೇಕರು ಕೊಟ್ಟಿಲ್ಲ. ಆಗ ಸೊಸೈಟಿ, ಬಿಲ್ಡರ್ ಸಹಿಯಿಲ್ಲದೆಯೇ ಜಮೀನು ತನ್ನ ಹೆಸರಿಗೆ ಬರುವ ‘ಡೀಮ್ಡ್ ಕನ್ವೇಯನ್ಸ್’ ಮಾಡಿಸಿಕೊಳ್ಳಬೇಕಾಗುತ್ತದೆ. ‘ಕನ್ವೇಯನ್ಸ್ ಆಗಿದೆಯಾ?’ ಎಂದು ಕೇಳಿ. ‘ಪ್ರೊಸೆಸ್‌ನಲ್ಲಿದೆ’ ಎಂದರೆ ಆಗಿಲ್ಲ ಎಂದು ಬರೆದುಕೊಳ್ಳಿ.

ಜೋಡಣೆಯ ಕ್ರಮ

ಹಂತ 1. ಮನೆ ನೋಡಲು ಜುಲೈನಲ್ಲಿ ಹೋಗಿ. ಮಾರ್ಚಿನಲ್ಲಿ ಎಲ್ಲ ಮನೆಗಳೂ ಸುಂದರ. ಹೊಸ ಬಣ್ಣದ ವಾಸನೆ ಬಂದರೆ ಖುಷಿಪಡುವ ಬದಲು ಬಚ್ಚಲಿನ ಮೇಲ್ಭಾಗಕ್ಕೆ ಟಾರ್ಚು ಹಾಯಿಸಿ. ಹಳದಿ ಅಂಚಿನ ಕಲೆಗೆ ಎಷ್ಟು ಬಣ್ಣ ಬಳಿದರೂ ಅದು ಮತ್ತೆ ಮೇಲೇಳುತ್ತದೆ. ಬಾಲ್ಕನಿಯ ತೊಲೆಯನ್ನು ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಪ್ಲಾಸ್ಟರನ್ನು ಹೊರಗೆ ತಳ್ಳುತ್ತಿರಬಹುದು. ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಿ. ಅದರಲ್ಲಿ ಸಿ-1 ಎಂದಿದ್ದರೆ ಕಟ್ಟಡ ಕೆಡವಬೇಕೆಂದು ಅರ್ಥ. ಚಹಾ ಕುಡಿಯದೆ ಇಳಿದು ಬನ್ನಿ.

ಹಂತ 2. ಇಳಿಯುವಾಗ ನೋಟಿಸ್ ಬೋರ್ಡು ಓದಿ. ಗಾಜಿನ ಬಾಗಿಲು, ಪುಟ್ಟ ಬೀಗ, ಬೀಗದ ಕೈ ಸೆಕ್ರೆಟರಿಯ ಜೇಬಿನಲ್ಲಿ. ಅಲ್ಲಿ ಮೆಂಟೆನೆನ್ಸ್ ಬಾಕಿದಾರರ ಪಟ್ಟಿ, ನೀರು ಬಿಡುವ ವೇಳೆ, ‘ಪಾರಿವಾಳಗಳಿಗೆ ಕಾಳು ಹಾಕಬಾರದು’ ಎಂಬ ಮನವಿ, ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಯಾರೋ ಬರೆದ ಉತ್ತರ. ಬಾಕಿದಾರರು ಹತ್ತಕ್ಕೆ ಮೂರರಷ್ಟಿದ್ದರೆ ಪಂಪು ಕೆಟ್ಟ ದಿನ ನೀವು ಬಕೆಟ್ ಹೊರಲು ಸಿದ್ಧರಿರಬೇಕು.

ಹಂತ 3. ಆಡಿಟ್ ಆದ ಲೆಕ್ಕಪತ್ರ ತರಿಸಿ. ಮಾದರಿ ಬೈಲಾ ಪ್ರಕಾರ ಸಿಂಕಿಂಗ್ ಫಂಡಿಗೆ, ಅಂದರೆ ಮುಂದಿನ ದೊಡ್ಡ ರಿಪೇರಿಗೆಂದು ಎತ್ತಿಡುವ ನಿಧಿಗೆ, ವರ್ಷಕ್ಕೆ ಕಟ್ಟಡದ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25 ಸೇರಬೇಕು. ಆ ವೆಚ್ಚ ಲೆಕ್ಕ ಹಾಕಿದ್ದು ನಲವತ್ತು ವರ್ಷದ ಹಿಂದೆ. ಈಗ ಆ ಫಂಡಿನಲ್ಲಿ ಗೇಟಿಗೆ ಬಣ್ಣ ಹೊಡೆಸಬಹುದು, ಪಿಲ್ಲರ್ ರಿಪೇರಿ ಆಗದು. ಮೆಂಟೆನೆನ್ಸ್ ತೀರಾ ಕಡಿಮೆ ಎಂದು ಬ್ರೋಕರ್ ಹೊಗಳಿದರೆ, ಉಳಿದದ್ದನ್ನು ಒಂದೇ ಕಂತಿನಲ್ಲಿ ನಿಮ್ಮಿಂದ ವಸೂಲು ಮಾಡುತ್ತಾರೆಂದು ತಿಳಿಯಿರಿ.

ಹಂತ 4. ಕಮಿಟಿಯ ಸಂದರ್ಶನ. ಮೂವರು ಹಿರಿಯರು, ಒಂದು ಪ್ಲಾಸ್ಟಿಕ್ ಮೇಜು. ‘ಊರು?’ ಎಂದು ಚೇರ್‌ಮನ್. ‘ಉಡುಪಿ ಹತ್ರ, ಸರ್.’ ‘ಓಹೋ! ಮೀನು ಹುರಿಯೋದುಂಟಾ?’ ಕೈಪಿಡಿ ಈ ಪ್ರಶ್ನೆಗೆ ಉತ್ತರ ಸೂಚಿಸುವುದಿಲ್ಲ. ಆದರೆ ಮುಂದೆ ‘ಡೊನೇಷನ್’ ಎಂಬ ಮಾತು ಬಂದರೆ ಮಿತಿ ನೆನಪಿರಲಿ: ವರ್ಗಾವಣೆ ಪ್ರೀಮಿಯಂ 25,000 ರೂಪಾಯಿ ಮೀರುವಂತಿಲ್ಲ. ಮುಂದೆ ಬಾಡಿಗೆಗೆ ಕೊಟ್ಟರೂ ಮಿತಿ ಇದೆ, ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10 ದಾಟಬಾರದು.

ಎಚ್ಚರಿಕೆ: ‘ರೀಡೆವಲಪ್‌ಮೆಂಟ್’ ಎಂಬ ಪದ ಕೇಳಿದೊಡನೆ ತಲೆ ಹಗುರವಾಗುತ್ತದೆ. ಹಳೆಯದನ್ನು ಕೊಟ್ಟು ಹೊಸದನ್ನು, ದೊಡ್ಡದನ್ನು, ಪುಕ್ಕಟೆ ಪಡೆಯುವ ಕನಸು. ಶೇ. 51 ಸದಸ್ಯರು ಒಪ್ಪಿದರೆ ದಾರಿ ತೆರೆಯುತ್ತದೆ, ನಿಜ. ಆದರೆ ಟೆರೇಸಿನ ಬೀಗದ ಕೈ ಯಾರ ಬಳಿ ಇರಬೇಕೆಂದು ಒಪ್ಪದ ಜನ ಬಿಲ್ಡರ್ ಯಾರೆಂದು ಒಪ್ಪುವುದು ಯಾವಾಗ? ಆಗದಿದ್ದರೂ ಇದೇ ಮನೆಯಲ್ಲಿ ಇರಬಲ್ಲೆ ಎನ್ನುವವರಷ್ಟೇ ಕೊಳ್ಳಬೇಕು.

ದೋಷ ನಿವಾರಣೆ

ಟೆರೇಸಿನಿಂದ ಮಳೆ ನೀರು ಸೋರುತ್ತಿದೆ: ರಿಪೇರಿ ಸೊಸೈಟಿಯ ಕೆಲಸ. ಬರೆದುಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ.
ಮೇಲಿನವರ ಬಚ್ಚಲಿನಿಂದ ಸೋರುತ್ತಿದೆ: ಖರ್ಚು ಅವರದು. ಮೊದಲು ಅವರ ಹೆಂಡತಿಯೊಂದಿಗೆ ನಿಮ್ಮ ಹೆಂಡತಿ ಮಾತಾಡಲಿ.
ಹಿಂದಿನ ಮಾಲೀಕರ ಬಾಕಿ ನಿಮ್ಮ ಬಿಲ್ಲಿನಲ್ಲಿ ಬಂದಿದೆ: ‘ಬಾಕಿ ಇಲ್ಲ’ ಪತ್ರವನ್ನು ರಿಜಿಸ್ಟ್ರೇಷನ್ನಿಗೆ ಮೊದಲೇ ತೆಗೆದುಕೊಳ್ಳಬೇಕಿತ್ತು.
ಸಭೆಯಲ್ಲಿ ನಿಮ್ಮನ್ನೇ ಖಜಾಂಚಿ ಮಾಡಿದ್ದಾರೆ: ಪರಿಹಾರವಿಲ್ಲ.

ವಾರಂಟಿ

ಇಲ್ಲ. ಇಲ್ಲಿ ನೀವು ಕೊಳ್ಳುತ್ತಿರುವುದು ಮನೆಗಿಂತ ಹೆಚ್ಚಾಗಿ ನೆರೆಹೊರೆಯವರ ಜತೆಗಿನ ಪಾಲುದಾರಿಕೆ. ಕಾಗದ ನೆಟ್ಟಗಿದ್ದು, ಕಮಿಟಿ ಲೆಕ್ಕ ಒಪ್ಪಿಸುತ್ತಿದ್ದು, ಚಾವಣಿ ಮಾತ್ರ ಸೋರುತ್ತಿದ್ದರೆ ಚೌಕಾಸಿ ಮಾಡಿ ಕೊಳ್ಳಿ. ಚಾವಣಿ ನೆಟ್ಟಗಿದ್ದು ಉಳಿದೆರಡು ಸೋರುತ್ತಿದ್ದರೆ ಅಗ್ಗಕ್ಕೆ ಸಿಕ್ಕರೂ ಬೇಡ.